ಹೊಡೆತ ನುಂಗುವ ಪೆಟ್ಟಿಗೆ

ನದಿ ದಂಡೆಯ ಆಶ್ರಮದಲ್ಲಿ ನಿರುಪಾದಿ ಅಜ್ಜಾರು ಹಾಡು ನಿಲ್ಲಿಸಿ ಎರಡು ವರ್ಷವಾಗಿತ್ತು. ಗಂಟಲ ಹುಣ್ಣು ದನಿಯನ್ನೇ ಒಯ್ದಿತ್ತು. ಕೊನೆಯ ವರ್ಷ ಹಾಡು ಮುಗಿಸಿ ಶಲ್ಯದಿಂದ ಬಾಯಿ ಒರೆಸಿದರೆ ರಕ್ತದ ಕಲೆ. ಆ ಶಲ್ಯ ಒಗೆಯುತ್ತಿದ್ದವನು ಶಿಷ್ಯ ಅಡಿವೆಪ್ಪ.

ಈಗ ಅಜ್ಜಾರು ಏನಿದ್ದರೂ ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದರು. ಅವರ ದನಿ ಉಳಿದದ್ದು ಹಾಡಿನ ಮಶೀನಿನೊಳಗೆ ಮಾತ್ರ. ಅಡಿವೆಪ್ಪ ಅದನ್ನು ದಿನಾ ಭಕ್ತರಿಗೆ ಕೇಳಿಸುತ್ತಿದ್ದ. ಇನ್ನೊಂದು ಪ್ರತಿ ಮಾಡಿಸಬೇಕು, ನಾಳೆ ಮಾಡಿಸಿದರಾಯಿತು ಅನ್ನುತ್ತಲೇ ಇದ್ದ. ನಾಳೆ ಅಂದವನ ಮನೆ ಹಾಳು ಅಂತ ಹಿರಿಯರು ಸುಮ್ಮನೆ ಅಂದಿಲ್ಲ.

ಗೋಡೆಯ ಪ್ಲಗ್ಗಿಗೂ ಮಶೀನಿಗೂ ನಡುವೆ ಒಂದು ಪುಟ್ಟ ಪೆಟ್ಟಿಗೆ. ಕರೆಂಟು ಉಕ್ಕಿ ಬಂದರೆ ಹೊಡೆತವನ್ನು ತಾನು ನುಂಗಿ ಮಶೀನನ್ನು ಕಾಯುವುದು ಅದರ ಕೆಲಸ. ಕಾಯುವ ಶಕ್ತಿ ಇರುವತನಕ ಅದರ ಹಸಿರು ದೀಪ ಉರಿಯುತ್ತಿತ್ತು.

ಆವತ್ತು ಮಧ್ಯಾಹ್ನ ಹೋದ ಕರೆಂಟು ಒಮ್ಮೆಲೇ ನುಗ್ಗಿ ಬಂತು. ಮಶೀನು ಚಟ್ಟೆಂದಿತು, ಹೊಗೆ ಎದ್ದಿತು.

ಪೇಟೆಯ ರಿಪೇರಿಯವನು ಬಂದು ಬಿಚ್ಚಿ ನೋಡಿದ. "ಒಳಗ ಎಲ್ಲಾ ಸುಟ್ಟೈತ್ರಿ. ಹಾಡು ಇನ್ನ ಸಿಗೂದಿಲ್ಲ."

ಆ ದನಿ ಇನ್ನು ಈ ಲೋಕದಲ್ಲಿ ಎಲ್ಲೂ ಇಲ್ಲ. ಅಡಿವೆಪ್ಪ ಗುರುಗಳ ಕಾಲ ಬಳಿ ಕುಸಿದು ಅತ್ತ.

"ತಪ್ಪಾತ್ರಿ ಅಜ್ಜಾರ. ನಿಮ್ಮ ದನಿ ಕಳದೆ."

ಅಜ್ಜಾರು ಪುಟ್ಟ ಪೆಟ್ಟಿಗೆ ತರಿಸಿ, ಮುಚ್ಚಳ ಬಿಚ್ಚಿದರು. ಒಳಗೆ ನಾಣ್ಯದಷ್ಟು ಅಗಲದ ಬಿಲ್ಲೆಯೊಂದು ಕರಕಲಾಗಿ ಬಿರುಕು ಬಿಟ್ಟಿತ್ತು.

ಪಾಟಿಯ ಮೇಲೆ ಬರೆದರು: "ಇದು ಇವತ್ತು ಸತ್ತದ್ದಲ್ಲ. ಹೊಡೆತ ನುಂಗಿ ನುಂಗಿ ಸವದೈತಿ. ದೀಪ ಯಾವಾಗ ಆರಿತ್ತು?"

"ಯುಗಾದಿಗೇ ಆರಿತ್ರಿ."

ಅಜ್ಜಾರು ಮತ್ತೆ ಬರೆದರು: "ನೀ ನೋಡಿದ್ದಿ?"

"ನೋಡಿದ್ದೆರಿ."

ಪಾಟಿಯ ಮೇಲೆ ಇನ್ನೊಂದು ಸಾಲು: "ಮತ್ತ ಯಾಕ ಬದಲಿಸಲಿಲ್ಲ?"

ಅಡಿವೆಪ್ಪ ತಲೆ ಎತ್ತಲಿಲ್ಲ. "ಹಾಡು ಬರ್ತಿತ್ತಲ್ರಿ. ನಡಿತೈತಿ ಅಂದ್ಕೊಂಡೆ."

ಅಜ್ಜಾರು ಹೆಗಲ ಮೇಲಿನ ಶಲ್ಯ ತೆಗೆದು ಅವನ ಮಡಿಲಲ್ಲಿಟ್ಟರು. ಪಾಟಿ ಒರೆಸಿ, ನಿಧಾನವಾಗಿ ಬರೆದು ಅವನ ಕಡೆ ತಿರುಗಿಸಿದರು.

"ನೀ ಇದರ ರಕ್ತ ಒಗಿಯುವಾಗೂ ಹಾಡು ಬರ್ತಿತ್ತು, ತಮ್ಮಾ."