ಕಚ್ಚಿಲ್ಲದ ರೆಕ್ಕೆಗಳು

"ಗುರುಗಳೇ, ಇರೋದನ್ನ ಸ್ವಲ್ಪ ಚೆಂದ ಮಾಡಿ ತೋರಿಸಿದ್ರೆ ಯಾರ ಗಂಟು ಹೋಗುತ್ತೆ?" ಅಂತ ಶಿಷ್ಯ ಕೇಳಿದ. ಗುರುಗಳು ಕತೆ ಶುರು ಮಾಡಿದ್ರು.

ಒಬ್ಬ ಮದುವೆ ಫೋಟೋಗ್ರಾಫರ್ ಇದ್ದ. ಮದುಮಗಳ ಮೊಡವೆ, ಮಾವನ ಬೋಳುತಲೆ, ಎಲ್ಲದಕ್ಕೂ ಕಂಪ್ಯೂಟರಲ್ಲೇ ಮದ್ದು ಅರೀತಿದ್ದ. ಅವನ ಊರಿನ ಕೊಲ್ಲಿಯಲ್ಲಿ ಡಾಲ್ಫಿನ್‌ಗಳಿದ್ದವು. ಅವುಗಳ ಮಧ್ಯದಲ್ಲೇ ಒಬ್ಬ ವ್ಯಾಪಾರಿ ಟೂರಿಸ್ಟರ ಸ್ಪೀಡ್‌ಬೋಟ್ ಓಡಿಸ್ತಿದ್ದ. ಈ ಕೊಲ್ಲಿಯ ಒಂದು ಡಾಲ್ಫಿನ್ ಬೋಟಿಗೆ ಸಿಕ್ಕಿ ಸತ್ತರೂ ಬೋಟ್ ಬಂದ್ ಅಂತ ಅಧಿಕಾರಿ ಹೇಳಿದ್ದ. ಹಾಗಾಗಿ ಯಾವ್ಯಾವುದು ಕೊಲ್ಲಿಯದು ಅಂತ ಗುರುತು ಹಿಡಿದಿಡಬೇಕಿತ್ತು. ಆ ಕೆಲಸ ಹೊತ್ತ ಹೆಂಗಸು ಫೋಟೋಗ್ರಾಫರನ್ನ ದೋಣಿ ಹತ್ತಿಸಿದಳು.

ಅವನು ಹಾರೋ ಡಾಲ್ಫಿನ್, ನಗೋ ಡಾಲ್ಫಿನ್ ಅಂತ ಹೊಡೆದು ತಂದ. ಅವಳು ತಲೆ ಚಚ್ಚಿಕೊಂಡಳು.

"ಅಣ್ಣಾ, ಇದೇನು ಹೆಣ್ಣು ನೋಡೋಕೆ ಬರೋರಿಗೆ ಕಳಿಸೋ ಫೋಟೋನಾ? ಬೆನ್ನ ಮೇಲಿನ ರೆಕ್ಕೆ ಬೇಕು. ಅದು ದೋಣಿ ಪಕ್ಕದಲ್ಲೇ ಸಾಗುವಾಗ ನೇರ ಮಗ್ಗುಲಿಂದ ಹೊಡಿ, ಎಡಗಡೆಯದೂ ಬಲಗಡೆಯದೂ. ಆ ರೆಕ್ಕೆ ನೋಡಿಯೇ ಇದು ಯಾವುದು ಅಂತ ಹೇಳಬೇಕು."

ಈ ಸಲ ಹಾಗೇ ಹೊಡೆದ. ಒಂದೊಂದು ರೆಕ್ಕೆಯೂ ಸ್ಪಷ್ಟವಾಗಿ ಬಂತು. ಆದರೆ ಬಲೆ ಕೊಯ್ದ ಕಚ್ಚು, ಬೇರೆ ಡಾಲ್ಫಿನ್ ಕಚ್ಚಿದ ಹಲ್ಲಿನ ಗೀರು ಕಂಡು ಅವನ ಕೈ ಸುಮ್ಮನಿರಲಿಲ್ಲ. ಪಾಪ, ಎಷ್ಟು ಹರಿದಿವೆ ಅಂತ ಎಲ್ಲವನ್ನೂ ತುಂಬಿ, ತೀಡಿ, ಇಸ್ತ್ರಿ ಹಾಕಿದ ಹಾಗೆ ಮಾಡಿಟ್ಟ. ಮುಂದಿನ ಮದುವೆಗೆ ಜಾಗ ಬೇಕಲ್ಲ, ಅಸಲು ಫೋಟೋ ಅಳಿಸಿಬಿಟ್ಟ.

ಸ್ವಲ್ಪ ದಿನಕ್ಕೆ ಒಂದು ತಾಯಿ ಡಾಲ್ಫಿನ್ ಸತ್ತು ದಡಕ್ಕೆ ಬಿತ್ತು. ಬೋಟಿನಡಿ ತಿರುಗೋ ಫ್ಯಾನಿಗೆ ಸಿಕ್ಕಿ ಬೆನ್ನು ಸೀಳಿಹೋಗಿತ್ತು. ರೆಕ್ಕೆಯ ತುದಿಯಲ್ಲಿ ಹಳೇ ಕಚ್ಚು. ಮರಿ ಅಲ್ಲೇ ನೀರಲ್ಲಿ ಸುತ್ತುತ್ತಿತ್ತು. ವ್ಯಾಪಾರಿ ಬಂದು, ಇದು ಎಲ್ಲಿಂದಲೋ ತೇಲಿ ಬಂದ ಹೆಣ, ನಮ್ಮ ಕೊಲ್ಲಿಯದಲ್ಲ ಅಂದ. ಹೆಂಗಸು ಫೋಟೋಗ್ರಾಫರ್ ಕೊಟ್ಟಿದ್ದ ಕವರನ್ನ ಅಧಿಕಾರಿಯ ಮುಂದೆಯೇ ಮೊದಲ ಸಲ ಒಡೆದು ಫೋಟೋ ಹರವಿದಳು. ಎಲ್ಲ ರೆಕ್ಕೆಯೂ ಒಂದೇ ಥರ, ಒಂದರಲ್ಲೂ ಕಚ್ಚಿಲ್ಲ. ಅಧಿಕಾರಿ ಕೈ ಚೆಲ್ಲಿದ. ಮಧ್ಯಾಹ್ನಕ್ಕೇ ಬೋಟುಗಳು ಮತ್ತೆ ಗುರ್ ಅಂದವು.

ಫೋಟೋಗ್ರಾಫರಿಗೆ ಮೈಯೆಲ್ಲ ಉರಿದುಹೋಯ್ತು. ವ್ಯಾಪಾರಿಯ ಕೊರಳಪಟ್ಟಿ ಹಿಡಿದು, ಇದು ಇಲ್ಲಿಯದೇ ಕಣೋ, ಆ ಕಚ್ಚು ನಾನೇ ಕೈಯಾರೆ ತುಂಬಿದ್ದೀನಿ ಅಂದ.

ವ್ಯಾಪಾರಿ ನಕ್ಕ. "ಬಹಳ ಚೆಂದ ತುಂಬಿದ್ದೀರಿ ಸ್ವಾಮಿ. ನಮ್ಮ ಬೋಟಿನ ಬೋರ್ಡಿಗೂ ಅದೇ ಫೋಟೋ ಕೊಡಿ."

ಕತೆ ಕೇಳಿ ಶಿಷ್ಯ, ಥೂ, ಎಂಥ ಅನ್ಯಾಯ ಅಂತ ಹಲ್ಲು ಕಡಿದ.

ಗುರುಗಳು ಅವನನ್ನೇ ನೋಡಿದ್ರು. "ಅದಿರಲಿ, ನೀನು ಯಾರ ಕಚ್ಚು ತುಂಬೋಕೆ ಅಂತ ನನ್ನ ಅಪ್ಪಣೆ ಕೇಳೋಕೆ ಬಂದೆ?"