ಅಧ್ಯಕ್ಷರ ಇನ್ನೊಂದು ಕಣ್ಣು

ಬೇಲದ ಮರದ ಗೋಸುಂಬೆಗಳಿಗೆ ನಾಲಿಗೆ ಚಿಮ್ಮಿ ನೊಣ ಹೊಡೆಯುವುದೇ ಕ್ರೀಡೆ. ಅದಕ್ಕೊಂದು ಸಂಘವಿತ್ತು, ಸಂಘಕ್ಕೊಬ್ಬ ಮುದಿ ಅಧ್ಯಕ್ಷನಿದ್ದ. ಒಂದು ಕಣ್ಣನ್ನು ಆಟಗಾರರ ಮೇಲೂ ಇನ್ನೊಂದನ್ನು ತಾನು ಕೂತ ಕೊಂಬೆಯ ಮೇಲೂ ಇಟ್ಟುಕೊಂಡು ಅವನು ಬಹುಕಾಲ ಆಳಿದ. ಪಂದ್ಯ ಮಾತ್ರ ಒಂದೂ ನಡೆಯಲಿಲ್ಲ.

ಕೊನೆಗೆ ಎಳೆಯ ಗೋಸುಂಬೆಯೊಬ್ಬಳು ಸಭೆಯಲ್ಲಿ ಎದ್ದು ಹೇಳಿದಳು: “ತಾತ, ನಮಗೆ ಆಡುವ ವಯಸ್ಸೇ ಕಳೆದುಹೋಗುತ್ತಿದೆ. ಪಂದ್ಯ ನಡೆಸಿ, ಇಲ್ಲವೇ ಕೆಳಗಿಳಿಯಿರಿ.”

“ನಿಯಮಾವಳಿ ಸಿದ್ಧವಾಗುತ್ತಿದೆ, ಮಗಳೇ. ನಾನು ಇಳಿದರೆ ಗುರಿಯೆಂದರೆ ಏನೆಂದು ನಿಮಗೆ ಹೇಳುವವರು ಯಾರು?”

“ಹಾಗಾದರೆ ಆ ನೊಣವನ್ನು ಹೊಡೆದು ತೋರಿಸಿ.”

ಅಧ್ಯಕ್ಷ ಒಂದು ಕಣ್ಣನ್ನು ನೊಣದತ್ತ ತಿರುಗಿಸಿದ.

“ಎರಡೂ ಕಣ್ಣು, ತಾತ! ಒಂದೇ ಕಣ್ಣಿಗೆ ದೂರ ತಿಳಿಯದೆಂದು ಕಲಿಸಿದವರು ನೀವೇ.”

ಸಭೆ ನಕ್ಕಿತು. ಅವನಿಗೆ ರೋಷ ಬಂತು. ಎರಡೂ ಕಣ್ಣನ್ನು ನೊಣದ ಮೇಲೆ ನೆಟ್ಟು, ಕೊಂಬೆಯ ತುದಿಗೆ ಸರಿದು, ನಾಲಿಗೆ ಚಿಮ್ಮಿದ. ನೊಣ ಬಾಯಿಗೆ ಬಂತು. ತಿರುಗಿ ನೋಡಿದರೆ ಅವನ ಜಾಗದಲ್ಲಿ ಅವಳು ಕೂತಿದ್ದಳು.

“ನಾನು ಹೊಡೆದೆನಲ್ಲ!” ಎಂದು ಅವನು ಕೂಗಿದ.

“ಅದಕ್ಕೇ, ತಾತ. ಇಷ್ಟು ಚೆನ್ನಾಗಿ ಹೊಡೆಯುವವರನ್ನು ಇಲ್ಲಿ ಕೂರಿಸಿ ವ್ಯರ್ಥ ಮಾಡಬಹುದೇ? ತಂಡದಲ್ಲಿ ನಿಮ್ಮ ಹೆಸರೇ ಮೊದಲು.”

ಸಭೆ ಬಾಲ ಬಡಿದು ಒಪ್ಪಿತು. “ಅಂದಹಾಗೆ, ಪಂದ್ಯ ಯಾವಾಗ?” ಎಂದು ಯಾರೋ ಕೇಳಿದರು.

“ಮೊದಲು ನಿಯಮಾವಳಿ ಸಿದ್ಧವಾಗಲಿ,” ಎಂದಳು ಹೊಸ ಅಧ್ಯಕ್ಷೆ. ಅವಳ ಒಂದು ಕಣ್ಣು ಸಭೆಯ ಮೇಲಿತ್ತು. ಇನ್ನೊಂದು ಆಗಲೇ ಕೊಂಬೆಯತ್ತ ಹೊರಳಿತ್ತು.