ಬಾವಿಕಟ್ಟೆಯ ಮುಸುಕಿನವನು

"ಕೇಳಿರಪ್ಪೋ ಕೇಳಿ! ಬಾವಿಕಟ್ಟೆಯ ಮೇಲೆ ಕೂತ ಮುಸುಕಿನವನ ಮೂರು ಒಗಟು ಒಡೆದವನಿಗೆ ದೊರೆ ಬೊಮ್ಮರಸರು ಮಗಳನ್ನು ಕೊಡುತ್ತಾರೆ. ತಪ್ಪಿದವನು ನಿಂತಲ್ಲೇ ಕಲ್ಲು, ಅದಕ್ಕೆ ದೊರೆ ಹೊಣೆಯಲ್ಲ!"

ತೆಂಕಣ ಸೀಮೆಯ ಹಾಲುಮಡಿ ಪಟ್ಟಣದಲ್ಲಿ ಡಂಗುರ ಹೀಗೆ ಸಾರಿತು. ಊರಿಗೆಲ್ಲ ಇದ್ದದ್ದು ಅದೊಂದೇ ಬಾವಿ. ಹಿಂದೊಮ್ಮೆ ಬಂದು ಹೋಗಿದ್ದ ಆ ಅಪರಿಚಿತ ಮರಳಿ ಬಂದು ಕಟ್ಟೆ ಹತ್ತಿದ್ದೇ ತಡ, ನೀರು ಪಾತಾಳ ಕಂಡಿತ್ತು.

ಕುರಿ ಕಾಯುವ ದ್ಯಾವನಿಗೆ ರಾಜಕುಮಾರಿ ಬೇಕಿರಲಿಲ್ಲ, ಅಣ್ಣ ಬೇಕಿತ್ತು. ಹೆಂಡತಿಯ ಬಾಯಾರಿಕೆ ನೋಡಲಾರದೆ ಒಗಟಿಗೆ ಹೋದ ಅಣ್ಣ ಕೆಂಚ ಬಾವಿಯ ಬಳಿ ಕಲ್ಲಾಗಿ ನಿಂತಿದ್ದ. ಒಗಟು ಒಡೆದರೆ ಕಲ್ಲಾದವರಿಗೆಲ್ಲ ಜೀವ ಬರುತ್ತದೆಂದು ಮುಸುಕಿನವನೇ ಹೇಳಿದ್ದ.

ಬಾವಿಕಟ್ಟೆಯ ಸಾಲಿನಲ್ಲಿ ದ್ಯಾವನ ಮುಂದೆ ಪಕ್ಕದ ಸೀಮೆಯ ರಾಜಕುಮಾರ ನಿಂತಿದ್ದ. ಮೀಸೆ ಮುಂದೆ, ಅವನು ಹಿಂದೆ.

"ಇಳಿಯುವಾಗ ಹಗುರ, ಏರುವಾಗ ಭಾರ. ಏರುತ್ತ ಏರುತ್ತ ಅಳುತ್ತದೆ. ಏನದು?" ಎಂದ ಮುಸುಕಿನವನು.

"ಬೆಟ್ಟ ಹತ್ತುವ ಆನೆ" ಎಂದ ರಾಜಕುಮಾರ. ಮೀಸೆ ಸಮೇತ ಕಲ್ಲಾದ.

"ಮನುಷ್ಯನ ಬಾಳು" ಎಂದರು ಆಸ್ಥಾನದ ಪಂಡಿತರು. ಶಾಲು ಸಮೇತ ಕಲ್ಲಾದರು.

ದ್ಯಾವ ಮುಂದೆ ಬಂದ. "ಬಾವಿಗಿಳಿದ ಕೊಡ, ಸ್ವಾಮಿ. ಬರುವಾಗ ಸೋರುತ್ತ ಬರುತ್ತದೆ."

ಜನ ಹೋ ಎಂದರು.

"ಒಬ್ಬರು ಉಂಡರೆ ಇನ್ನೊಬ್ಬರ ಹೊಟ್ಟೆ ತುಂಬುತ್ತದೆ. ಯಾರು ಅವರು?"

"ಮಗು ಮತ್ತು ತಾಯಿ. ತಾಯಿಯಿಲ್ಲದ ನನಗೆ ತುತ್ತಿಡುತ್ತ ನಮ್ಮತ್ತಿಗೆ 'ನಂಗೇ ಹೊಟ್ಟೆ ತುಂಬ್ತು ಕಣೋ' ಅನ್ನುತ್ತಿದ್ದರು."

"ಸರಿ. ನಾನು ಯಾರು?"

ದ್ಯಾವ ತಲೆಯೆತ್ತಿ ನೋಡಿದ. ಕಣ್ಣಿಗೆ ಬಿದ್ದದ್ದು ಮುಸುಕಿನ ಕೆಳಗೆ ಬಿರಿದ ತುಟಿ. ಅತ್ತಿಗೆ ಅವನಿಗೆಂದೇ ಮನೆಯ ಕೊನೆಯ ಚೊಂಬು ನೀರು, ಒಂದು ಉಂಡೆ ಬೆಲ್ಲ ಕೊಟ್ಟು ಕಳಿಸಿದ್ದಳು. ಅದನ್ನೇ ಮುಂದೆ ಚಾಚಿದ.

"ಬಂದವರಿಗೆ ಬೆಲ್ಲ, ನೀರು ಕೊಡದೆ ಯಾರೆಂದು ಕೇಳುವುದು ನಮ್ಮ ಹಟ್ಟಿಯಲ್ಲಿಲ್ಲ. ನೀವು ಬಾಯಾರಿ ಬಂದ ನೆಂಟರು. ನನಗೆ ಗೊತ್ತಿರುವುದು ಅಷ್ಟೇ."

ಮುಸುಕಿನವನು ಗಟಗಟ ಕುಡಿದು ಮುಸುಕು ತೆಗೆದ. ಒಳಗಿದ್ದದ್ದು ಯಾರ ಮನೆಯ ಅಜ್ಜನದಾದರೂ ಆಗಬಹುದಾದ ಮುಖ.

"ಹಿಂದೆ ದಾಹವೆಂದು ಬಂದಾಗ ಈ ಊರು ಹೆಸರು ಕೇಳಿತು, ಕುಲ ಕೇಳಿತು, ನೀರು ಮಾತ್ರ ಕೊಡಲಿಲ್ಲ. ಈಗಲೂ ಕಳ್ಳನೆಂದರು, ಭೂತವೆಂದರು. ನೆಂಟನೆಂದವನು ನೀನೊಬ್ಬನೇ, ಮಗನೇ."

ಬಾವಿ ಬುಳುಬುಳು ಎಂದು ತುಂಬಿತು. ಕಲ್ಲುಗಳು ಕೆಮ್ಮಿ, ಆಕಳಿಸಿ ಮನುಷ್ಯರಾದವು. ದೊರೆ ಮಗಳ ಕೈಹಿಡಿದು ಓಡೋಡಿ ಬಂದು, "ಅಳಿಯಂದಿರೇ!" ಎಂದು ಕೂಗಿದ.

ದ್ಯಾವನಿಗೆ ಅದು ಕೇಳಿಸಲೇ ಇಲ್ಲ. ಕಣ್ಣು ಬಿಟ್ಟ ಕೆಂಚ ತಮ್ಮನ ಒಣಗಿದ ಬಾಯಿ ನೋಡಿ, ಎರಡೂ ಕೈ ಬಾವಿಗೆ ಅದ್ದಿ ಬೊಗಸೆ ನೀರು ಮುಂದೆ ಹಿಡಿದಿದ್ದ.

"ಕುಡಿಯೋ ಮೊದಲು. ಅಳೋದು ಆಮೇಲೆ."